ಹಣೆಯ ಮೇಲಿನ ಕೆಂಪು

ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ. ನೇರವಾಗಿ ಧೃತಿಯ ಹಣೆಗೆ ಬೆರಳು ತೋರಿಸಿ, "ಬ್ಲಡ್! ಆಫ್ ಯು ಗೋ" ಎಂದ. ಧೃತಿ ಹಣೆ ಮುಟ್ಟಿ ನೋಡಿಕೊಂಡಳು. ಅಂಗೈಯೆಲ್ಲ ಕೆಂಪು. ರಗ್ಬಿ ಲೀಗ್ ಆಟದಲ್ಲಿ ರಕ್ತ ಬಂದವರು ಅದು ನಿಲ್ಲುವವರೆಗೆ ಮೈದಾನದ ಹೊರಗಿರಬೇಕು. ಆದರೆ ಆಟ ಶುರುವಾಗಿ ಆರೇ ನಿಮಿಷವಾಗಿತ್ತು, ಅವಳನ್ನು ಇನ್ನೂ ಯಾರೂ ಮುಟ್ಟಿಯೂ ಇರಲಿಲ್ಲ.

ಗೆರೆಯಾಚೆ ನಿಂತಿದ್ದ ಅಜ್ಜಿ ರತ್ನಾಬಾಯಿಯವರ ಮುಖ ಸಣ್ಣದಾಯಿತು. ಮೊಮ್ಮಗಳ ಆಟ ನೋಡಲೆಂದೇ ಧಾರವಾಡದಿಂದ ಲಂಡನ್ನಿನ ಕ್ರೋಯ್ಡನ್‌ಗೆ ಬಂದಿದ್ದ ಅವರು, ಬೆಳಿಗ್ಗೆ ಮೈದಾನದ ಗೇಟಿನಲ್ಲೇ ಅವಳನ್ನು ಹಿಡಿದು ನಿಲ್ಲಿಸಿದ್ದರು. ಬೆವರಿಗೆ ಹೋಗದಿರಲಿ ಎಂದು ಮೊದಲು ವ್ಯಾಸಲಿನ್ ಸವರಿ, ಅದರ ಮೇಲೆ ಹೆಬ್ಬೆರಳಗಲದ ಕುಂಕುಮ ಒತ್ತಿದ್ದರು. ಈಗ ಅದು ವ್ಯಾಸಲಿನ್ ಸಮೇತ ಕರಗಿ ಹುಬ್ಬಿನವರೆಗೆ ಇಳಿದಿತ್ತು.

"ರಗತ ಅಲ್ರೀ ಅದು, ಕುಂಕುಮ! ನಾನ ಹಚ್ಚೇನ್ರಿ!" ಎಂದು ಅವರು ರೆಫರಿಗೆ ಕೂಗಿ ಹೇಳಿದರು. ಅವನಿಗೇನು ಅರ್ಥವಾಗಬೇಕು? ಪಕ್ಕದಲ್ಲಿ ಫೋನ್ ನೋಡುತ್ತ ನಿಂತಿದ್ದ ಸೊಸೆ ಚಂದ್ರಿಕಾ ತಲೆಯೆತ್ತಿ, ತಾನು ಡಾಕ್ಟರು, ಅದು ಬರೀ ಬಣ್ಣ ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು. ರೆಫರಿ ನಕ್ಕ. ನಕ್ಕರೂ ಒರೆಸಿಕೊಂಡೇ ಒಳಗೆ ಬರಬೇಕೆಂದ. ಉಜ್ಜಿದಷ್ಟೂ ಕೆಂಪು ಹರಡಿ, ಮುಖ ತೊಳೆದು ಬರುವಷ್ಟರಲ್ಲಿ ಎಂಟು ನಿಮಿಷ ಹಾಳಾಯಿತು.

ಆ ಎಂಟು ನಿಮಿಷ ಚಿಲ್ಲರೆ ಸಂಗತಿಯಲ್ಲ. ಕ್ಲಬ್ಬು ಇದೇ ಮೊದಲ ಸಲ ಹೆಣ್ಣುಮಕ್ಕಳನ್ನೂ ಸಂಬಳಕ್ಕೆ ತೆಗೆದುಕೊಳ್ಳಲು ಹೊರಟಿತ್ತು. ಹದಿಮೂರು ಜನರಲ್ಲಿ ಇಬ್ಬರಿಗೆ ಮಾತ್ರ ಜಾಗ, ಯಾರಿಗೆಂಬುದು ಈ ಆಟದಲ್ಲೇ ತೀರ್ಮಾನ. ಹನ್ನೊಂದನೇ ವಯಸ್ಸಿನಿಂದ ಧೃತಿ ಕಂಡಿದ್ದು ಇದೊಂದೇ ಕನಸು. ಹದಿನಾರಕ್ಕೆ ಭುಜದ ಮೂಳೆ ಮುರಿದುಕೊಂಡಾಗ ಎಕ್ಸ್‌ರೇ ನೋಡಿದ್ದು ಮೂಳೆ ಡಾಕ್ಟರಾದ ಅಮ್ಮನೇ. ಅಂದಿನಿಂದ ಚಂದ್ರಿಕಾಳದು ಒಂದೇ ಪಲ್ಲವಿ: "ನಮ್ಮನೇಲಿ ಮೂಳೆ ಕೂಡಿಸೋರು ಸಾಕು, ಮುರ್ಕೊಳ್ಳೋರು ಬೇಡ." ಇವತ್ತೂ ಅತ್ತೆಗೆ ಕಾರು ಓಡಿಸಲಷ್ಟೇ ಬಂದಿದ್ದೇನೆ ಎಂದು ದಾರಿಯುದ್ದಕ್ಕೂ ಮೂರು ಸಲ ಹೇಳಿದ್ದಳು.

ಒಳಗೆ ಬಂದ ಧೃತಿ ಕಳೆದ ನಿಮಿಷಗಳಿಗೆ ಬಡ್ಡಿ ಸೇರಿಸಿ ಆಡಿದಳು. ಚೆಂಡು ಅವುಚಿಕೊಂಡು ನುಗ್ಗಿ ಬಂದ ನಾಲ್ವರನ್ನು ಒಬ್ಬರಾದ ಮೇಲೊಬ್ಬರಂತೆ ಹಿಡಿದು ನೆಲಕ್ಕೆ ಕೆಡವಿದಳು. ರತ್ನಾಬಾಯಿ ಪ್ರತಿಯೊಬ್ಬಳಿಗೂ ಮೊದಲು ಚಪ್ಪಾಳೆ ಹೊಡೆದು ಆಮೇಲೆ "ಪಾಪ" ಎಂದರು. ಅವರಿಗೆ ಇಷ್ಟು ಸಂತೋಷವಾಗಿ ಎಷ್ಟು ವರ್ಷವಾಗಿತ್ತೋ! ಇನ್ನು ಹನ್ನೆರಡು ನಿಮಿಷ ಉಳಿದಿತ್ತು. ಆಗ ಬಿದ್ದವಳೊಬ್ಬಳ ಬೂಟಿನ ಅಂಚು ಧೃತಿಯ ಹಣೆಯನ್ನು ಗೀರಿತು. ಮತ್ತೆ ಸೀಟಿ.

"ಕುಂಕುಮ! ಕುಂಕುಮ!" ರತ್ನಾಬಾಯಿ ಸೀರೆಯ ನಿರಿಗೆ ಎತ್ತಿ ಹಿಡಿದು ಗೆರೆ ದಾಟಿಯೇ ಬಿಟ್ಟರು. "ಈ ಸಲಾನೂ ಅದಽ ಐತ್ರಿ ಸಾಹೇಬ್ರ!"

ಒಮ್ಮೆ ಬೇಸ್ತುಬಿದ್ದಿದ್ದ ರೆಫರಿ ಗೊಂದಲದಲ್ಲಿ ಚಂದ್ರಿಕಾಳ ಕಡೆ ತಿರುಗಿದ. ಇದೂ ಬಣ್ಣವೇನು ಡಾಕ್ಟರ್ ಎಂದು ಕೇಳಿದ. ಅಜ್ಜಿ ಸೊಸೆಯತ್ತ ಕಣ್ಣು ಮಿಟುಕಿಸಿದರು. ಧೃತಿ ಉಸಿರು ಬಿಗಿಹಿಡಿದು ಅಮ್ಮನನ್ನೇ ನೋಡಿದಳು.

"ಬ್ಲಡ್" ಎಂದಳು ಚಂದ್ರಿಕಾ.

"ಚಂದ್ರಿಕಾ! ಎಂಥಾ ತಾಯಿ ಇದ್ದೀಯವಾ ನೀ?"

ಧೃತಿ ತಲೆ ತಗ್ಗಿಸಿ ಹೊರಗೆ ಬಂದಳು. "ಮಮ್, ಯು ಆಲ್ವೇಸ್ ವಾಂಟೆಡ್ ದಿಸ್" ಎಂದಳು. ಚಂದ್ರಿಕಾ ಅಲ್ಲೇ ಹುಲ್ಲಿನ ಮೇಲೆ ಮಂಡಿಯೂರಿ ಮಗಳನ್ನು ಕೂರಿಸಿದಳು, ತಲೆಗೆ ಪೆಟ್ಟಾಗಿದೆಯೇ ಎಂದು ಕಣ್ಣಿಗೆ ಫೋನಿನ ಬೆಳಕು ಬಿಟ್ಟು ನೋಡಿದಳು, ಇವತ್ತು ಯಾವ ವಾರ ಎಂದು ಕೇಳಿದಳು, ಗಾಯ ತೊಳೆದು ಎರಡು ಪಟ್ಟಿ ಎಳೆದು ಅಂಟಿಸಿದಳು. ಎರಡು ನಿಮಿಷವೂ ಹಿಡಿಯಲಿಲ್ಲ. ರಕ್ತ ನಿಂತಿತ್ತು. ಆಮೇಲೆ ಮಗಳ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಏನಾಗಿಲ್ಲ, ಎದ್ದೇಳು. ಎದುರು ಟೀಮಿನ ಆ ಏಳನೇ ನಂಬರಿನೋಳು ಇದ್ದಾಳಲ್ಲ, ಅವಳ ಎಡಗಡೆ ಮಂಡಿ ಪೂರ್ತಿ ಮಡಚಲ್ಲ. ಬಲಕ್ಕೆ ತಿರುಗೋಕೇ ಆಗಲ್ಲ ಅವಳಿಗೆ, ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಎಡಕ್ಕೇ ಬರ್ತಾಳೆ. ಮೊದಲೇ ಹೋಗಿ ಅಲ್ಲಿ ನಿಂತ್ಕೋ."