ಅಂಚಿಗೆ ಬಂದ ಮೋಟಾರ್ ಸೈಕಲ್

ಫೋಟೋದೊಳಗೆ ಹೊರಟವರು ಮತ್ತೆ ನಿಲ್ಲುವುದಿಲ್ಲವೆಂದೇ ನಮ್ಮೂರಲ್ಲಿ ಎಲ್ಲರೂ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಜ್ಜ ಮಾತ್ರ ಫೋಟೋಕ್ಕೂ ಮೋಟಾರ್ ಸೈಕಲ್ ಇಳಿದಿರಲಿಲ್ಲ. ತೀರಿಕೊಂಡ ಮೇಲೂ ಆ ಕಪ್ಪುಬಿಳುಪು ರಸ್ತೆಯಲ್ಲಿ ವರ್ಷವರ್ಷಕ್ಕೂ ಕೂದಲೆಳೆಯಷ್ಟು ಮುಂದೆ ಸಾಗುತ್ತಿದ್ದ. ಇವತ್ತು ಮುಂದಿನ ಚಕ್ರ ಫೋಟೋದ ಅಂಚು ದಾಟಿ ಮಾಯವಾಗಿತ್ತು. ಅಜ್ಜಿ ಫೋಟೋವನ್ನು ಎದೆಗವಚಿಕೊಂಡು ಸ್ಟುಡಿಯೋಗೆ ಓಡಿದಳು. ಅವಳ ಹಿಂದೆ ನಾನು.

"ಮುಂದ ಬರೇ ಖಾಲಿ ರಸ್ತೆ ಫೋಟೋ ಅಂಟಿಸಿದ್ರ ಅದನ್ನೂ ದಾಟತಾರವ್ವಾ," ಎಂದ ಸ್ಟುಡಿಯೋದ ಖಾಜಾಸಾಬ. "ನಿಮ್ಮ ಫೋಟೋನ ತಗದು ಮುಂದ ಅಂಟಸ್ತೀನಿ. ನೋಡಿ ನಿಂತರ ನಿಂತರು."

"ಫೋಟೋದಾಗಿನ ಅಜ್ಜ ಕಂಡದ್ದು ಹರೇದ ಹುಡುಗೀನ," ಎಂದೆ ನಾನು ಮೆಲ್ಲಗೆ. "ಗುರುತು ಹಿಡೀಲಿಲ್ಲಂದ್ರ?"

ಅಜ್ಜಿ ಪರದೆಯ ಮುಂದೆ ನಿಂತು, ಬಸ್ಸು ನಿಲ್ಲಿಸುವವಳಂತೆ ಕೈ ಚಾಚಿದಳು.

"ಹಿಡೀದಿದ್ರ ಬಿಡಲಿ. ಯಾವ ಮುದುಕಿ ಕೈ ಮಾಡಿದ್ರೂ ಗಾಡಿ ನಿಲ್ಲಸ್ತಿದ್ದ ಅಂವ."