ಬಾವಿಯಲ್ಲಿದ್ದ ಹುಡುಗಿ

ಬೆಳಗಾವಿಯಲ್ಲಿ ಲೋಹ ಕಡೆಯುವ ಸಿಎನ್‌ಸಿ ಲೇತ್‌ಗಳೆಲ್ಲ ಕಥೆ ಕೇಳಿಕೊಂಡೇ ತಿರುಗುತ್ತಿದ್ದವು. ಹೇಳುವವರ ದನಿಯ ವೇಗವೇ ಅವುಗಳ ವೇಗ. ಸ್ಕ್ರೂಗೆ ಥ್ರೆಡ್, ಅಂದರೆ ಸುರುಳಿ ಗೆರೆ, ಕೊರೆಯಲು ಒಂದೇ ಕಥೆಯನ್ನು ಏಳು ಸಲ, ಒಂದೇ ಹದದಲ್ಲಿ ಹೇಳಬೇಕಿತ್ತು.

ದಾಕ್ಷಾಯಣಿ ಆಗಲೇ ಎರಡು ಸರಳು ಕೆಡಿಸಿದ್ದಳು. ಉಳಿದದ್ದು ಒಂದೇ. ಆಸ್ಪತ್ರೆಯ ಉಸಿರಾಟದ ಯಂತ್ರಕ್ಕೆ ಬೇಕಾದ ಸ್ಕ್ರೂ ಅದರಿಂದಲೇ ಆಗಬೇಕಿತ್ತು; ಒಯ್ಯಲು ಬಂದ ಗಾಡಿ ಬಾಗಿಲಲ್ಲೇ ಕಾಯುತ್ತಿತ್ತು.

"ನಾಕನೇ ಸುತ್ತಿನ್ಯಾಗ ಗೆರಿ ಸರೀತೈತಿ ಕಾಕಾ. ಟೂಲ್ ಬದಲಿಸಿ ನೋಡಿದೆ, ಸರಳು ಬಿಗಿ ಮಾಡಿ ನೋಡಿದೆ."

ಪಕ್ಕದ ಲೇತಿನ ಈರಪ್ಪ ಕಾಕಾ ತಲೆಯೆತ್ತಲಿಲ್ಲ. "ಮಷೀನಿಗೆ ಏನೂ ಆಗಿಲ್ಲವಾ. ಕಥ್ಯಾಗ ಕುಂಬಾರರ ಹುಡುಗಿ ಬಾವಿಗೆ ಬಿದ್ದಲ್ಲಿಗೆ ಸುತ್ತು ಮುಗೀಬೇಕು. ಮೂರು ಸಲ ತಡಕೊಂತಿ, ನಾಕನೇದಕ್ಕ ಗಡಿಬಿಡಿ ಮಾಡಿ ಆಕಿನ್ನ ಎತ್ತಾಕ ಹಗ್ಗ ಇಳಸಾಕ ಹೋಗ್ತಿ."

"ಈ ಕಥಿ ಹೇಳುವಾಗ ನಮ್ಮಜ್ಜಿ ಆಕಿನ್ನ ಎಂದೂ ಬಾವ್ಯಾಗ ಬಿಟ್ಟಾಕಿ ಅಲ್ಲ."

"ನಿಮ್ಮಜ್ಜಿ ಥ್ರೆಡ್ ಹಾಕ್ತಿರಲಿಲ್ಲ."

ದಾಕ್ಷಾಯಣಿ ಕೊನೆಯ ಸರಳನ್ನು ಲೇತಿಗೆ ಕಚ್ಚಿಸಿದಳು. ಏಳು ಸಲವೂ ದನಿ ಅಲುಗದಂತೆ ಹುಡುಗಿಯನ್ನು ಬಾವಿಗೆ ಬೀಳಿಸಿದಳು. ಏಳು ಸಲವೂ ಅಲ್ಲಿಯೇ ಬಿಟ್ಟು ಕಥೆ ನಿಲ್ಲಿಸಿದಳು. ನಟ್ಟು ಸ್ಕ್ರೂ ಮೇಲೆ ನುಣ್ಣಗೆ ಓಡಿತು. ಗಾಡಿ ಹೊರಟಿತು.

ಆದರೂ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಖಾಲಿ ಲೇತಿನ ಮುಂದೆ ಬಂದು ನಿಂತು, ಎಂಟನೇ ಸಲ ಕಥೆ ಹೇಳಿ, ಅವಸರವಸರವಾಗಿ, ಬಾವಿಗೆ ಹಗ್ಗ ಇಳಿಸಿದಳು.