ಜಗಲಿಗೆ ಮೈಕು

ಊಟದ ಬಿಡುವಿನಲ್ಲಿ ಚಲುವರಾಜು ಮಾಕವಳ್ಳಿಯ ಕಾರ್ಖಾನೆ ಗೋಡೆಗೊರಗಿ ಕೂತು ಇಯರ್‌ಫೋನು ಸಿಕ್ಕಿಸಿಕೊಂಡ. ಜಗಲಿಗೆ ಹಾಕಿಸಿದ್ದ ಕ್ಯಾಮೆರಾದಿಂದ ಫೋನಿನಲ್ಲಿ ಮನೆಯ ಜಗಲಿ ಕಾಣುತ್ತಿತ್ತು. ಅವ್ವ ಸೋಮಮ್ಮ, ಹೆಂಡತಿ ಅರ್ಪಿತ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ದಿನವೂ ಇಬ್ಬರೂ ಹೀಗೇ ಕೂತು ಬಿದ್ದು ಬಿದ್ದು ನಗುವುದನ್ನು ಕಂಡು, ತನ್ನನ್ನೇ ಆಡಿಕೊಳ್ಳುತ್ತಾರೇನೋ ಎಂಬ ಹುಳ ಅವನ ತಲೆ ಹೊಕ್ಕಿತ್ತು. ನಿನ್ನೆ ಕ್ಯಾಮೆರಾಕ್ಕೆ ಮೈಕು ಹಾಕಿಸಿದ್ದ. ಮನೆಯವರಿಗೆ ಮಾತ್ರ ಕಳ್ಳರ ಕಾಟಕ್ಕೆ ಎಂದು ಹೇಳಿದ್ದ.

“ಅತ್ತೆ, ಮೊನ್ನೆ ಹಾಲಿನ ಡೈರೀಲಿ ಏನಾಯ್ತು ಗೊತ್ತಾ…” ಎಂದು ಶುರುಮಾಡಿದ ಅರ್ಪಿತ, ಕ್ಯಾಮೆರಾದತ್ತ ಕಣ್ಣು ಹೋದದ್ದೇ ದನಿ ಇಳಿಸಿದಳು. “ಬ್ಯಾಡ ಬುಡಿ. ಅವ್ರು ಕೇಳುಸ್ಕತಾವ್ರೆ.”

ಸೋಮಮ್ಮ ಎದ್ದು ಕ್ಯಾಮೆರಾದ ಕೆಳಗೇ ಬಂದು ನಿಂತು ಕತ್ತೆತ್ತಿದಳು.

“ಲೇ ಚಲುವ, ಕಳ್ಳ್ರು ಮಾತಾಡ್ಕೊಂಡ್ ಬತ್ತಾರೇನ್ಲಾ? ನಮ್ ಮಾತು ಬೇಕಂದಿದ್ರೆ ಬಂದು ಪಕ್ಕದಲ್ ಕೂತ್ಕಬೇಕಿತ್ತು ಕಣ್ಲಾ.”

ಇಲ್ಲಿಂದಲೇ ಉತ್ತರ ಕೊಡುವ ಗುಂಡಿಯೂ ಪರದೆಯ ಮೇಲಿತ್ತು. ಚಲುವರಾಜು ಅದರ ಮೇಲೆ ಬೆರಳಿಟ್ಟ, ಒತ್ತಲಾಗಲಿಲ್ಲ. ಅವ್ವ ಮೊರ ಎತ್ತಿಕೊಂಡು, ಸೊಸೆಯನ್ನು ಕರೆದುಕೊಂಡು ಹಿತ್ತಿಲ ಕಡೆ ಹೋಗುವುದನ್ನೇ ನೋಡುತ್ತ ಕೂತ.